ಬೋರ್ಡಿಲ್ಲದ ಅಂಗಡಿಯ ಪ್ಯಾಂಟು, ಹನ್ನೊಂದು ತಿಂಗಳ ಮೇಲೆ

ಮೊದಲು ಬೇಕಾದ್ದನ್ನು ಹೇಳಿಬಿಡುತ್ತೇನೆ. ಬಳ್ಳಾರಿ ಕೌಲ್ ಬಜಾರಿನ ಒಳಗಿನ ಒಂದು ಓಣಿ. ಹಿಂದೆ ಹೊಲಿಗೆ ಘಟಕ, ಮುಂದಿನ ಕೋಣೆಯೇ ಅಂಗಡಿ. ಬೋರ್ಡಿಲ್ಲ, ಬಿಲ್ಲಿಲ್ಲ, ಟ್ರಯಲ್ ರೂಮಿಲ್ಲ. ಒಂದು ಮೂಲೆಗೆ ಹಳೇ ಸೀರೆ ಇಳಿಬಿಟ್ಟಿದ್ದಾರೆ, ಅದರ ಹಿಂದೆ ನಿಂತು ಹಾಕಿ ನೋಡಬೇಕು. ನಾನು ಕೊಂಡದ್ದು ನೀಲಿ ಜೀನ್ಸ್, ಸೊಂಟ 34. ಹೇಳಿದ್ದು 750, ಕೊಟ್ಟದ್ದು 650. ಹನ್ನೊಂದು ತಿಂಗಳಿಂದ ವಾರಕ್ಕೆ ಎರಡು ಮೂರು ಸಲ ಹಾಕುತ್ತಿದ್ದೇನೆ. ಹೊಲಿಗೆ ಒಂದೂ ಬಿಟ್ಟಿಲ್ಲ, ತೊಡೆಯ ಹತ್ತಿರ ಸವೆದಿಲ್ಲ, ಮೊಣಕಾಲಲ್ಲಿ ಸ್ವಲ್ಪ ಉಬ್ಬಿದೆ. ಜಿಪ್ಪು ಒಮ್ಮೆ ಕೈಕೊಟ್ಟಿತು, ಆ ಕತೆ ಮುಂದೆ ಬರುತ್ತದೆ. ದುಡ್ಡಿಗೆ ಮೋಸವಿಲ್ಲ.

ಇಷ್ಟು ಸಾಕು ಅನ್ನುವವರು ಇಲ್ಲಿಗೇ ಬಿಟ್ಟು ಹೋಗಿ ಕೊಳ್ಳಬಹುದು. ಉಳಿದದ್ದೆಲ್ಲ, ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿದ್ದ ಈ ಪ್ಯಾಂಟು ನನ್ನ ಕಾಲಿಗೆ ಬರಲು ಇಪ್ಪತ್ತೆರಡು ವರ್ಷ ಯಾಕೆ ಹಿಡಿಯಿತು ಎಂಬ ವಿಚಾರ.

ನಾನು ವಾಣಿಜ್ಯ ವಿಭಾಗದ ಮೇಷ್ಟ್ರು. ಬಿಬಿಎ ಮಕ್ಕಳಿಗೆ ‘ಗ್ರಾಹಕ ವರ್ತನೆ’ ಹೇಳುತ್ತೇನೆ. ಅದರಲ್ಲಿ ಒಂದು ಘಟಕ ಪೂರ್ತಿ ಮನೋಧೋರಣೆಯದು: ಒಂದು ವಸ್ತುವಿನ ಮೇಲೆ ಜನರಿಗೆ ಒಲವೋ ಅಸಡ್ಡೆಯೋ ಹೇಗೆ ಹುಟ್ಟುತ್ತದೆ, ಹುಟ್ಟಿದ್ದು ಹೇಗೆ ಬದಲಾಗುತ್ತದೆ. ಬೋರ್ಡಿನ ಮೇಲೆ ತಿಳಿವಳಿಕೆ, ಭಾವನೆ, ನಡವಳಿಕೆ ಎಂದು ಮೂರು ಡಬ್ಬಿ ಬರೆದು, ನಡುವೆ ಬಾಣ ಹಾಕಿ, ಪ್ರತಿ ವರ್ಷ ಅದನ್ನೇ ಬರೆಸಿದ್ದೇನೆ. ಮೊದಲು ತಿಳಿದುಕೊಳ್ಳುತ್ತೇವೆ, ಆಮೇಲೆ ಇಷ್ಟಪಡುತ್ತೇವೆ, ಕಡೆಗೆ ಕೊಳ್ಳುತ್ತೇವೆ. ಹತ್ತು ಅಂಕದ ಪ್ರಶ್ನೆ. ನನ್ನ ಹೆಂಡತಿ ಈ ಮೂರಕ್ಕೂ ಸೇರಿಸಿ ಒಂದೇ ಪದ ಬಳಸುತ್ತಾಳೆ: ಹಟ.

ಬಳ್ಳಾರಿ ಜೀನ್ಸಿನ ವಿಷಯದಲ್ಲಿ ನನ್ನ ಹಟ ಗಟ್ಟಿಯಿತ್ತು. ಲೋಕಲ್ ಮಾಲು. ಒಂದು ಒಗೆತಕ್ಕೆ ಬಣ್ಣ ಹೋಗುತ್ತದೆ, ಬಗ್ಗಿದರೆ ಹರಿಯುತ್ತದೆ. ಒಂದು ಸಲವಾದರೂ ಹಾಕಿ ನೋಡಿದ್ದೆನೇ? ಇಲ್ಲ. ಹಾಗಂತ ಯಾರು ಹೇಳಿದ್ದರು? ಅದೂ ನೆನಪಿಲ್ಲ. ರಸ್ತೆ ಬದಿ ತಾಡಪಾಲಿನ ಮೇಲೆ ರಾಶಿ ಸುರಿದು ಮಾರುವುದನ್ನು ನೋಡಿದ್ದೆ. ರಾಶಿಯಲ್ಲಿ ಬಿದ್ದದ್ದು ಒಳ್ಳೆಯದಾಗಿರಲಾರದು ಎಂದು ಕಣ್ಣೇ ತೀರ್ಪು ಕೊಟ್ಟುಬಿಟ್ಟಿತ್ತು, ತಲೆಯನ್ನು ಕೇಳಿರಲಿಲ್ಲ. ಕತ್ತರಿಸಿದ ಬಟ್ಟೆಯ ಕಟ್ಟುಗಳನ್ನು ಹೇರಿಕೊಂಡ ಆಟೊಗಳ ಹಿಂದೆ ದಿನಾ ಸಿಕ್ಕಿಹಾಕಿಕೊಂಡಿದ್ದೇನೆ. ಸಂಜೆ ಆ ಕಡೆ ಹೋದರೆ ಮನೆಮನೆಯಿಂದ ಮಷಿನ್ನಿನ ಸದ್ದು, ಬಾಗಿಲಲ್ಲಿ ನೀಲಿ ದಾರದ ಕಸ. ಒಂದು ವಸ್ತು ತಯಾರಾಗುವುದನ್ನು ಇಷ್ಟು ಹತ್ತಿರದಿಂದ ಕಂಡರೆ ಅದರ ಮೇಲಿನ ಮೋಹ ಹೋಗಿಬಿಡುತ್ತದೆಯೋ ಏನೋ.

ಪದೇ ಪದೇ ಕಣ್ಣಿಗೆ ಬಿದ್ದದ್ದು, ಅಷ್ಟರಿಂದಲೇ, ಇಷ್ಟವಾಗತೊಡಗುತ್ತದೆ ಎಂದು ಮನೋವಿಜ್ಞಾನಿ ರಾಬರ್ಟ್ ಝಾಯಾನ್ಸ್ 1968ರಲ್ಲಿ ತೋರಿಸಿಕೊಟ್ಟರು. ಜಾಹೀರಾತಿನವರು ಒಂದೇ ಸೋಪನ್ನು ದಿನಕ್ಕೆ ಇಪ್ಪತ್ತು ಸಲ ತೋರಿಸುವುದು ಇದೇ ಧೈರ್ಯದ ಮೇಲೆ. ಇಪ್ಪತ್ತೆರಡು ವರ್ಷ ದಿನಾ ನೋಡಿದ ನನಗೆ ಮಾತ್ರ ಉಲ್ಟಾ ಆಯಿತು. ಮೊದಲೇ ಮುಖ ತಿರುಗಿಸಿದ್ದನ್ನು ಮತ್ತೆ ಮತ್ತೆ ನೋಡಿದರೆ ತಿರುಗಿಸಿದ ಮುಖವೇ ಗಟ್ಟಿಯಾಗುತ್ತದೆ.

ಹಾಗಂತ ಊರಿನ ಈ ಕಸುಬು ನಿನ್ನೆ ಮೊನ್ನೆಯದಲ್ಲ. ಬ್ರಿಟಿಷರ ಕಾಲದಲ್ಲಿ ಬಳ್ಳಾರಿ ದಂಡು ಇದ್ದ ಊರು. ಸಿಪಾಯಿಗಳ ಬಟ್ಟೆ ಹೊಲಿದ ದರ್ಜಿಗಳಿಂದಲೇ ಇದು ಬೆಳೆಯಿತು ಎಂದು ಹಿರಿಯರು ಹೇಳುತ್ತಾರೆ. ಖಾಕಿಯಿಂದ ಜೀನ್ಸಿಗೆ ಬಂದದ್ದು ಆಮೇಲೆ. ಜೀನ್ಸು ಕೂಡ ದರ್ಜಿಯ ಕೂಸೇ. ಅಮೆರಿಕದ ರೀನೊ ಎಂಬ ಊರಿನಲ್ಲಿ ಕೂಲಿಯವರ ಪ್ಯಾಂಟಿನ ಜೇಬು ಮೇಲಿಂದ ಮೇಲೆ ಹರಿಯುತ್ತದೆಂದು ಜೇಕಬ್ ಡೇವಿಸ್ ಎಂಬ ದರ್ಜಿ ಜೇಬಿನ ಮೂಲೆಗೆ ತಾಮ್ರದ ಮೊಳೆ, ಅಂದರೆ ರಿವೆಟ್, ಹೊಡೆದ. ಪೇಟೆಂಟಿಗೆ ದುಡ್ಡು ಸಾಲದೆ ತನಗೆ ಬಟ್ಟೆ ಮಾರುತ್ತಿದ್ದ ಲೀವೈ ಸ್ಟ್ರಾಸ್‌ನನ್ನು ಜೊತೆಗೆ ಸೇರಿಸಿಕೊಂಡ. 1873ರ ಮೇ 20ರಂದು ಇಬ್ಬರಿಗೂ ಪೇಟೆಂಟ್ ಸಿಕ್ಕಿತು. ಗಣಿ ಕೂಲಿಗಳ ಬಟ್ಟೆ ಅದು. ಈಗ ಗಣಿ ಜಿಲ್ಲೆಯ ಮೇಷ್ಟ್ರೊಬ್ಬ ಅದೇ ಬಟ್ಟೆಯನ್ನು ತನ್ನೂರಲ್ಲಿ ಕೊಳ್ಳಲು ನಾಚಿಕೊಂಡು ಬೆಂಗಳೂರಿಗೆ ಹೋಗುತ್ತಿದ್ದ.

ಹೌದು, ನಾನು ಜೀನ್ಸ್ ಕೊಳ್ಳುತ್ತಿದ್ದುದು ಬೆಂಗಳೂರಿನ ಶಾಪಿಂಗ್ ಮಾಲಿನಲ್ಲಿ. ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೋದಾಗ ಭಾಮೈದನ ಮನೆ, ಮಾಲು, ಮತ್ತೆ ರಾತ್ರಿ ರೈಲು. ಕಡೆಯದಾಗಿ ಕೊಂಡದ್ದು ಹೆಸರಾಂತ ಕಂಪನಿಯದು. ಚೀಟಿಯಲ್ಲಿ 3,299, ನಲವತ್ತು ಪರ್ಸೆಂಟ್ ಕಡಿತ ಹೋಗಿ 1,979. ಮನೆಗೆ ಬಂದು ನಾನು ಹೆಂಡತಿಗೆ ಹೇಳಿದ್ದು 1,979 ಖರ್ಚಾಯಿತು ಅಂತಲ್ಲ, 1,320 ಉಳಿಯಿತು ಅಂತ. ಅವಳು ‘ಉಳಿದಿದ್ದು ಕೊಡ್ರಿ ಮತ್ತೆ’ ಅಂದಳು.

ಒಂದೂವರೆ ವರ್ಷಕ್ಕೆ ಆ ಪ್ಯಾಂಟು ಒಳತೊಡೆಯಲ್ಲಿ ಸವೆದು ಹರಿಯಿತು. ಅಂಗಡಿಯಲ್ಲಿ ಕೇಳಿದ್ದಕ್ಕೆ ಬಿಲ್ಲು ತೋರಿಸಿ ಅಂದರು, ಬಿಲ್ಲಿನ ಅಕ್ಷರ ಅಷ್ಟರಲ್ಲಿ ಅಳಿಸಿಹೋಗಿ ಬಿಳಿ ಚೀಟಿಯಾಗಿತ್ತು. ಇಲ್ಲಿ ನೋಡಬೇಕಾದ್ದು ನನ್ನನ್ನು. ನಾನು ಕಂಪನಿಯನ್ನು ಬಯ್ಯಲಿಲ್ಲ. ‘ದಪ್ಪ ಆಗಿದ್ದೀನಿ, ಬೈಕಿನ ಸೀಟು ಬೇರೆ ಒರಟು, ಬಟ್ಟೆ ತಾನೇ ಏನು ಮಾಡುತ್ತೆ’ ಅಂದೆ. ಪ್ಯಾಂಟಿನ ಪರವಾಗಿ ನನ್ನ ತೊಡೆಯ ವಿರುದ್ಧ ನಾನೇ ವಕಾಲತ್ತು ಹಾಕಿದೆ. ಅದಾದ ಮೇಲೂ ಆ ಕಂಪನಿಯ ಜಾಹೀರಾತು ಫೋನಿನಲ್ಲಿ ಬಂದರೆ ನಿಂತು ನೋಡುತ್ತಿದ್ದೆ.

ಇದಕ್ಕೂ ಪಾಠದಲ್ಲಿ ಜಾಗವಿದೆ. 1957ರಲ್ಲಿ ಲಿಯಾನ್ ಫೆಸ್ಟಿಂಗರ್ ಮನಸ್ಸಿನೊಳಗಿನ ವೈರುಧ್ಯದ ಸಿದ್ಧಾಂತ ಮುಂದಿಟ್ಟರು. ಮಾಡಿದ ಕೆಲಸವೂ ಮನಸ್ಸಿನ ಮಾತೂ ಒಂದಕ್ಕೊಂದು ತಾಳೆಯಾಗದಿದ್ದರೆ ನಮಗೆ ತಡೆಯುವುದಿಲ್ಲ, ಯಾವುದಾದರೂ ಒಂದನ್ನು ಬಗ್ಗಿಸುತ್ತೇವೆ. ಮಾಡಿ ಆಗಿಹೋದ ಕೆಲಸ ಬಗ್ಗುವುದಿಲ್ಲವಾದ್ದರಿಂದ ಮನಸ್ಸೇ ಬಗ್ಗುತ್ತದೆ. ಅದೇ ವರ್ಷ ಹೊಸದಾಗಿ ಕಾರು ಕೊಂಡವರನ್ನು ಮಾತಾಡಿಸಿದ ಇನ್ನೊಂದು ಅಧ್ಯಯನ ಬಂತು. ಕೊಂಡಾದ ಮೇಲೂ ಅವರು ತಮ್ಮ ಕಾರಿನ ಜಾಹೀರಾತನ್ನೇ ಹೆಚ್ಚು ಓದುತ್ತಿದ್ದರು, ಕೊಳ್ಳಬೇಕೆಂದು ಯೋಚಿಸಿ ಬಿಟ್ಟ ಕಾರುಗಳದ್ದನ್ನಲ್ಲ. ಕೊಟ್ಟ ದುಡ್ಡಿಗೆ ಸಮಾಧಾನ ಹುಡುಕುವ ಓದು ಅದು. ಇದನ್ನು ಎಷ್ಟೋ ಬ್ಯಾಚಿಗೆ ನಗುನಗುತ್ತಾ ಹೇಳಿದ್ದೇನೆ, ಹರಿದ ಪ್ಯಾಂಟಿನ ಜಾಹೀರಾತನ್ನು ಸ್ಟಾಫ್ ರೂಮಿನಲ್ಲಿ ಕೂತು ನೋಡುತ್ತಲೇ.

ನಡುವೆ ಒಂದು ಮಾತು. 2023ರ ಚುನಾವಣೆ ಪ್ರಚಾರಕ್ಕೆ ಬಂದ ರಾಹುಲ್ ಗಾಂಧಿ ಬಳ್ಳಾರಿಯಲ್ಲಿ ಜೀನ್ಸ್ ಪಾರ್ಕ್ ಮಾಡುವ ಭರವಸೆ ಕೊಟ್ಟರು. ಮರುದಿನ ಸ್ಟಾಫ್ ರೂಮಿನಲ್ಲಿ ಎಲ್ಲರ ಬಾಯಲ್ಲೂ ‘ನಮ್ಮ ಜೀನ್ಸು’. ಪಕ್ಷ ಯಾವುದೇ ಇರಲಿ, ಹೊರಗಿನವರೊಬ್ಬರು ಹೆಸರೆತ್ತಿದ ಕೂಡಲೇ ನಿನ್ನೆಯವರೆಗಿನ ‘ಲೋಕಲ್ ಮಾಲು’ ‘ನಮ್ಮದು’ ಆಯಿತು. ನಾನೂ ನಾಲ್ಕು ಮಾತು ಸೇರಿಸಿದೆ. ಆ ದಿನ ಆ ಕೋಣೆಯಲ್ಲಿ ಬಳ್ಳಾರಿ ಜೀನ್ಸ್ ಹಾಕಿದವರು ಯಾರೂ ಇರಲಿಲ್ಲ. ಅಟೆಂಡರ್ ಒಬ್ಬರನ್ನು ಬಿಟ್ಟು.

ಈಗ ಪ್ಯಾಂಟಿನ ಹತ್ತಿರ ಬರುತ್ತೇನೆ. ಅದಕ್ಕೆ ದಾರಿ ತೋರಿಸಿದ್ದು ಒಂದು ತರಗತಿ.

ಮೇಸನ್ ಹೇರ್ ಎಂಬುವರು 1950ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪ್ರಯೋಗ ನನಗೆ ಬಹಳ ಇಷ್ಟ. ಆಗ ಅಮೆರಿಕದಲ್ಲಿ ಬಿಸಿನೀರಿಗೆ ಹಾಕಿ ಕಲಕುವ ಇನ್‌ಸ್ಟಂಟ್ ಕಾಫಿ ಹೊಸದು. ಯಾಕೆ ಬೇಡ ಎಂದು ಹೆಂಗಸರನ್ನು ಕೇಳಿದರೆ ರುಚಿ ಇಲ್ಲ ಅನ್ನುತ್ತಿದ್ದರು. ಹೇರ್ ಅದನ್ನು ನಂಬಲಿಲ್ಲ. ಎರಡು ಕಿರಾಣಿ ಚೀಟಿ ಬರೆದರು. ಗಜ್ಜರಿ, ಆಲೂಗಡ್ಡೆ, ಬ್ರೆಡ್ಡು ಎಲ್ಲ ಒಂದೇ. ಒಂದು ಚೀಟಿಯಲ್ಲಿ ಮಾಮೂಲಿ ಕಾಫಿಪುಡಿ, ಇನ್ನೊಂದರಲ್ಲಿ ನೆಸ್ಕೆಫೆ, ಅಷ್ಟೇ ವ್ಯತ್ಯಾಸ. ಒಬ್ಬರಿಗೆ ಒಂದೇ ಚೀಟಿ ಕೊಟ್ಟು, ಈ ಸಾಮಾನು ಕೊಂಡ ಹೆಂಗಸು ಎಂಥವಳಿರಬಹುದು ಹೇಳಿ ಎಂದು ಕೇಳಿದರು. ನೆಸ್ಕೆಫೆ ಚೀಟಿ ಸಿಕ್ಕವರಲ್ಲಿ ಸುಮಾರು ಅರ್ಧದಷ್ಟು ಜನ ಆಕೆ ಸೋಮಾರಿ ಅಂದರು, ಮನೆ ನಡೆಸಲು ಬಾರದವಳು ಅಂದರು. ಬೇಡವಾಗಿದ್ದದ್ದು ಕಾಫಿಯಲ್ಲ, ಆ ಕಾಫಿ ಕೊಂಡವಳು ಅನ್ನಿಸಿಕೊಳ್ಳುವುದು.

ಹೋದ ವರ್ಷ ಇದನ್ನು ಹೇಳಿ ಮುಗಿಸುವ ಬದಲು, ಮಾಡಿಯೇ ನೋಡೋಣ ಅನ್ನಿಸಿತು. ಪಾಠಕ್ಕೆ ಮುಂಚೆಯೇ ಎರಡು ಬಗೆಯ ಚೀಟಿ ಬರೆದು ಅರ್ಧರ್ಧ ತರಗತಿಗೆ ಹಂಚಿದೆ. ಸೋನಾ ಮಸೂರಿ ಅಕ್ಕಿ 25 ಕೆಜಿ, ತೊಗರಿಬೇಳೆ 2 ಕೆಜಿ, ಶೇಂಗಾ ಎಣ್ಣೆ, ಮಂಡಾಳು ಒಂದು ಚೀಲ, ಮಗಳಿಗೆ ಜಾಮಿಟ್ರಿ ಬಾಕ್ಸ್. ಕಡೇ ಸಾಲು ಮಾತ್ರ ಬೇರೆ. ಒಂದರಲ್ಲಿ ‘ಜೀನ್ಸ್ ಪ್ಯಾಂಟು, ಬೆಂಗಳೂರು ಮಾಲ್’, ಇನ್ನೊಂದರಲ್ಲಿ ‘ಜೀನ್ಸ್ ಪ್ಯಾಂಟು, ಕೌಲ್ ಬಜಾರ್’. ಇವನು ಎಂಥ ಮನುಷ್ಯ, ನಾಲ್ಕು ಸಾಲು ಬರೆಯಿರಿ ಅಂದೆ.

ಬೆಂಗಳೂರು ಮಾಲಿನ ಮನುಷ್ಯನಿಗೆ ಮಕ್ಕಳು ಕಾರು ಕೊಟ್ಟರು, ಮಗಳನ್ನು ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದರು, ಒಬ್ಬನಂತೂ ಜಿಮ್ಮಿಗೂ ಕಳಿಸಿದ. ಕೌಲ್ ಬಜಾರಿನವನು ಜಿಪುಣ. ‘ಸಾಲ ಇರಬಹುದು.’ ‘ಮಗಳ ಮದುವೆಗೆ ಕೂಡಿಡುತ್ತಿದ್ದಾನೆ.’ ಮಗಳಿಗೆ ಇನ್ನೂ ಜಾಮಿಟ್ರಿ ಬಾಕ್ಸಿನ ವಯಸ್ಸು! ಹೀಗೆ ಬರೆದವರಲ್ಲಿ ಕೆಲವರ ಮನೆಯಲ್ಲೇ ಹೊಲಿಗೆ ಮಷಿನ್ ಓಡುತ್ತದೆ, ಅಪ್ಪ ಕಟಿಂಗ್ ಮಾಸ್ಟರ್, ಅಣ್ಣ ಹೊಲಿದ ಜೀನ್ಸ್ ಒಗೆಯುವ ವಾಷಿಂಗ್ ಘಟಕದಲ್ಲಿ. ತಾವೇ ಹೊಲಿದದ್ದನ್ನು ಕೊಂಡವನನ್ನು ತಾವೇ ಜಿಪುಣ ಅಂದರು. ನಗುವುದಕ್ಕೆ ನನಗೇನೂ ಹಕ್ಕಿರಲಿಲ್ಲ. ಚೀಟಿ ನನಗೆ ಸಿಕ್ಕಿದ್ದರೆ ನಾನೂ ಅದನ್ನೇ ಬರೆಯುತ್ತಿದ್ದೆ.

ಹಿಂದಿನ ಬೆಂಚಿನ ಒಬ್ಬ ಹುಡುಗಿ ಮಾತ್ರ ಕೌಲ್ ಬಜಾರಿನ ಚೀಟಿಗೆ ಒಂದೇ ಸಾಲು ಬರೆದಿದ್ದಳು: ‘ಮಾಲು ಗೊತ್ತಿರುವ ಮನುಷ್ಯ.’ ಯಾಕಮ್ಮ ಹಾಗಂದೆ ಅಂತ ಕೇಳಿದೆ. ಅವಳಮ್ಮ ಮನೆಯಲ್ಲೇ ಕೂತು ಪ್ಯಾಂಟಿನ ಹೆಚ್ಚುವರಿ ದಾರ ಕತ್ತರಿಸುತ್ತಾರೆ, ಪೀಸಿಗಿಷ್ಟು ಎಂದು ಕೂಲಿ. ಓದಿನ ನಡುವೆ ಇವಳೂ ಕೂರುತ್ತಾಳೆ. ‘ಎಲ್ಲ ಮಾಲೂ ಒಂದೇ ಅಲ್ಲ ಸರ್’ ಅಂದಳು. ‘ಕೆಲವು ಕೈಗೆ ಬಂದ ಕೂಡ್ಲೇ ಗೊತ್ತಾಗ್ತೈತೆ, ಇದು ಬಾಳಲ್ಲ ಅಂತ. ಕೆಲವು ನಮಗೇ ಇಟ್ಕಳ್ಳಣ ಅನ್ಸುತ್ತೆ.’ ಆಮೇಲೆ ತಡೆದು ಕೇಳಿದಳು, ‘ನೀವು ಹಾಕಿರೋದು ಎಲ್ಲಿದು ಸರ್?’

ತರಗತಿ ಗೊಳ್ಳೆಂದಿತು. ನಾನು ಹಾಜರಿ ತೆಗೆದುಕೊಂಡೆ.

ಮುಂದಿನ ಭಾನುವಾರ ಅವಳು ಹೇಳಿದ ಗುರುತು ಹಿಡಿದು ಹೋದೆ. ಕೊಳ್ಳಲಿಕ್ಕಲ್ಲ, ಸುಮ್ಮನೆ ನೋಡಿ ಬರಲು. ನನಗೆ ನಾನು ಹಾಗೇ ಹೇಳಿಕೊಂಡಿದ್ದು. ಏಪ್ರಿಲ್ ತಿಂಗಳು, ಹನ್ನೊಂದು ಗಂಟೆಗೇ ಡಾಂಬರು ಮೆತ್ತಗಾಗುವ ಬಿಸಿಲು. ಒಳಗೆ ನಾಲ್ಕು ಮಷಿನ್ನು, ಬಟ್ಟೆಯ ಅಂಚು ಹೊಲಿಯುವ ಒಂದು ಓವರ್‌ಲಾಕ್, ಗೋಡೆಗೆ ಒರಗಿಸಿದ ಬಟ್ಟೆಯ ಥಾನುಗಳು. ಐವತ್ತು ದಾಟಿದ ಯಜಮಾನರು ಕನ್ನಡಕವನ್ನು ಹಣೆಗೇರಿಸಿಕೊಂಡು ‘ಬರ್ರಿ ಸರ್, ಕೂಡ್ರಿ’ ಅಂದರು. ಮೇಷ್ಟ್ರು ಅಂತ ಮುಖ ನೋಡಿಯೇ ಗೊತ್ತಾಯಿತಂತೆ. ‘ಹೆಂಗೆ?’ ಅಂದೆ. ‘ಬೆರಳಿಗೆ ಚಾಕ್‌ಪೀಸ್ ಹತ್ತಿರ್ತೈತೆ, ನಮಗೂ ಹತ್ತಿರ್ತೈತೆ’ ಎಂದು ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸ್ ತೋರಿಸಿದರು.

ಅವರು ಪ್ಯಾಂಟಿನ ಮುಂಭಾಗ ತೋರಿಸಲೇ ಇಲ್ಲ. ಒಳಮೈ ಹೊರಗೆ ತಿರುಗಿಸಿ ನನ್ನ ತೊಡೆಯ ಮೇಲೆ ಹಾಕಿದರು. ‘ಇಲ್ಲಿ ನೋಡ್ರಿ’ ಎಂದು ತೋರಿಸಿದ್ದು ಎರಡು ಕಾಲು ಕೂಡುವ ಜಾಗ. ಅಲ್ಲಿ ಬಟ್ಟೆಯ ಅಂಚನ್ನು ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿಗೆ ಹಾಕಿದ್ದರು, ಬಿಟ್ಟ ಅಂಚು ಎಲ್ಲೂ ಕಾಣುವುದಿಲ್ಲ. ಪಕ್ಕದ ಇನ್ನೊಂದು ಪ್ಯಾಂಟು ತೆಗೆದರು. ಅದರಲ್ಲಿ ಒಂದೇ ಸಾಲು, ಅಂಚಿಗೆ ಬರೀ ಓವರ್‌ಲಾಕ್. ‘ಇದು 350ರದು. ಇದನ್ನ ನೋಡಿನೇ ಜನ ಬಳ್ಳಾರಿ ಮಾಲು ಅಂದ್ರೆ ಇಷ್ಟೇ ಅಂತಾರೆ. ಇದನ್ನೂ ನಾನೇ ಹೊಲಿತೀನಿ, ಕೇಳ್ತಾರೆ, ಕೊಡ್ತೀನಿ.’ ಜೇಬಿನ ಮೂಲೆ, ಬೆಲ್ಟಿನ ಪಟ್ಟಿ, ಜಿಪ್ಪಿನ ಕೆಳಗೆ ದಾರವನ್ನು ಒತ್ತಾಗಿ ಅಡ್ಡ ಓಡಿಸಿದ ಬಾರ್‌ಟ್ಯಾಕ್‌ಗಳನ್ನು ಉಗುರಿನಿಂದ ಒಂದೊಂದಾಗಿ ಮುಟ್ಟಿಸಿದರು. ಆಮೇಲೆ ನನ್ನ ಕರ್ಚೀಫು ಕೇಳಿ, ನೀರಲ್ಲಿ ಅದ್ದಿ, ಬಟ್ಟೆಗೆ ತಿಕ್ಕಿದರು. ತೆಳು ನೀಲಿ ಬಂತು. ನಾನು ‘ಬಣ್ಣ ಹೋಗುತ್ತಲ್ಲ’ ಅಂದೆ, ಸಿಕ್ಕಿಬಿದ್ದ ಕಳ್ಳನನ್ನು ಹಿಡಿದವನ ಹಾಗೆ.

‘ಹೋಗ್ಲೇಬೇಕು ಸರ್. ಹೋಗದಿದ್ರೆ ಅದು ಜೀನ್ಸೇ ಅಲ್ಲ.’

ಕಾಲಿನ ತುದಿ ಮಡಚಿ ತೋರಿಸಿದರು. ಉದ್ದಕ್ಕೆ ಓಡುವ ಹಾಸಿನ ನೂಲಿಗೆ ಮಾತ್ರ ನೀಲಿ, ಅಡ್ಡಕ್ಕೆ ಓಡುವ ಹೊಕ್ಕಿನ ನೂಲು ಬಿಳಿ. ಅದಕ್ಕೇ ಹೊರಗೆ ನೀಲಿ, ಒಳಗೆ ಬೆಳ್ಳಗೆ. ಇಂಡಿಗೊ ಬಣ್ಣ ನೂಲಿನ ಒಳಗಿಳಿಯುವುದಿಲ್ಲ, ಮೇಲ್ಮೈಗೆ ಕೂತಿರುತ್ತದೆ. ತಿಕ್ಕಿದಲ್ಲಿ, ಮಡಚಿದಲ್ಲಿ ಉದುರಿ ಒಳಗಿನ ಬಿಳಿ ಕಾಣುತ್ತದೆ. ಸಾವಿರಾರು ರೂಪಾಯಿಯ ಪ್ಯಾಂಟಿನಲ್ಲಿ ಇದನ್ನೇ ‘ಫೇಡ್’ ಎಂದು ಹೆಚ್ಚಿಗೆ ದುಡ್ಡು ಕೊಟ್ಟು ಕೊಳ್ಳುತ್ತೇವೆ. ಊರಿನ ಪ್ಯಾಂಟು ಮಾಡಿದರೆ ‘ಬಣ್ಣ ಹೋಯಿತು’. ಇಪ್ಪತ್ತೆರಡು ವರ್ಷದ ನನ್ನ ಮೊದಲನೇ ಆರೋಪ ಅಲ್ಲೇ ಬಿತ್ತು. ಆದರೂ ಮನಸ್ಸು ಬದಲಾಯಿತೆಂದು ತಿಳಿಯಬೇಡಿ. ತಿಳಿವಳಿಕೆ ಬಂತು, ಬೋರ್ಡಿನ ಮೇಲಿನ ಮೊದಲ ಡಬ್ಬಿ ತುಂಬಿತು, ಬಾಣ ಮುಂದಕ್ಕೆ ಹೋಗಲಿಲ್ಲ.

ಸೊಂಟದ ಹಿಂದೆ ಹೊಲಿದ ಪಟ್ಟಿಯ ಮೇಲೆ ಏನೋ ಇಂಗ್ಲಿಷ್ ಹೆಸರು, ಕೊಂಬು ಬಾಗಿಸಿದ ಗೂಳಿಯ ಚಿತ್ರ. ಇದು ಯಾವ ಕಂಪನಿ ಅಂದೆ. ‘ನಂದೇ. ಮಗ ಇಟ್ಟ ಹೆಸರು.’ ಬಳ್ಳಾರಿ ಅಂತ ಯಾಕೆ ಹಾಕಿಲ್ಲ? ಅವರು ನಕ್ಕರು. ‘ಬಳ್ಳಾರಿ ಅಂತ ಹಾಕಿದ್ರೆ ಬಳ್ಳಾರಿಯೋರೇ ತಗಳ್ಳಲ್ಲ ಸರ್.’ ಮೇಜಿನ ಡ್ರಾಯರ್ ಎಳೆದರು. ಒಳಗೆ ಪಟ್ಟಿಗಳ ಕಟ್ಟುಗಳು, ಗೂಳಿ, ಹದ್ದು, ಲಾಳ. ಹೊರಗಿನ ವ್ಯಾಪಾರಿಗಳು ಪಟ್ಟಿ ಇಲ್ಲದೆ ಖಾಲಿ ಒಯ್ದು ತಮ್ಮ ಹೆಸರು ಹೊಲಿದುಕೊಳ್ಳುವುದೂ ಉಂಟಂತೆ. ‘ನಿಮಗೆ ಪಟ್ಟಿ ಬೇಕಾ, ಬ್ಯಾಡಾ?’

ಅರ್ಧ ನಿಮಿಷ ಯೋಚಿಸಿದೆ. ನಲವತ್ತೇಳು ವರ್ಷದವನು, ಇದನ್ನೇ ಪಾಠ ಮಾಡಿ ಸಂಬಳ ತೆಗೆದುಕೊಳ್ಳುವವನು. ‘ಇರಲಿ ಬಿಡ್ರಿ’ ಅಂದೆ.

ಬಿಸಿಲಿಗೆ ತೆಳು ಬಟ್ಟೆಯದೇ ಬೇಕೆಂದು ಹಗುರ ಥಾನಿನದನ್ನು ಆರಿಸಿದೆ. ಇಲ್ಲಿ ಒಂದು ಸಲಹೆ. ದಪ್ಪ ಬಟ್ಟೆ ಗಟ್ಟಿ ಎಂದು ಬಳ್ಳಾರಿಯ ಬೇಸಿಗೆಗೆ ಅದನ್ನು ಕೊಂಡರೆ ಕಾಲು ಬೇಯುತ್ತದೆ. ಎಳೆದರೆ ಹಿಗ್ಗುವ ಲೈಕ್ರಾ ನೂಲು ಬೆರೆತದ್ದು ಬೈಕ್ ಹತ್ತಲು ಸಲೀಸು, ಆದರೆ ಮೊಣಕಾಲು ಉಬ್ಬುತ್ತದೆ. ನನ್ನದು ಅದೇ. ಕಾಲುದ್ದ ಅಲ್ಲೇ ಕತ್ತರಿಸಿ ಮಡಚಿ ಹೊಲಿದುಕೊಟ್ಟರು, ಅದಕ್ಕೆ ಬೇರೆ ದುಡ್ಡಿಲ್ಲ.

ಮೊದಲ ಒಗೆತಕ್ಕೆ ಎರಡು ಬಕೆಟ್ ನೀಲಿ ನೀರು. ಬೇರೆ ನೆನೆಸಿ ಎಂದು ಯಜಮಾನರು ಹೇಳಿದ್ದರು, ನಾನು ಮನೆಯಲ್ಲಿ ಹೇಳಲು ಮರೆತೆ. ನನ್ನ ಮೂರು ಬನಿಯನ್ನು ಆಕಾಶದ ಬಣ್ಣಕ್ಕೆ ತಿರುಗಿದವು. ಹೆಂಡತಿ ಎತ್ತಿ ಹಿಡಿದು ‘ಮೂರೂ ಮ್ಯಾಚಿಂಗು’ ಅಂದಳು. ಆ ನೀರು ಬಚ್ಚಲಿನಿಂದ ಚರಂಡಿಗೆ ಹೋಗುವುದನ್ನು ನೋಡುವಾಗ ಇನ್ನೊಂದು ಯೋಚನೆಯೂ ಬಂತು. ವಾಷಿಂಗ್ ಘಟಕಗಳಿಗೆ ಇದರ ಎಷ್ಟು ಪಟ್ಟು ನೀರು ಬೇಕು, ಅದು ಎಲ್ಲಿಗೆ ಹೋಗುತ್ತದೆ? ನೀರಿಗೆ ಕಾಯುವ ಊರಿನಲ್ಲಿ ಈ ತಕರಾರು ಸಣ್ಣದಲ್ಲ, ಒಂದು ಪ್ಯಾಂಟು ಬಾಳಿಕೆ ಬಂದದ್ದಕ್ಕೆ ಅದು ತೀರುವುದೂ ಇಲ್ಲ.

ಮೊದಲ ತಿಂಗಳು ಮನೆಯಲ್ಲಿ, ಮಾರ್ಕೆಟ್ಟಿಗೆ ಹೋಗುವಾಗ ಮಾತ್ರ ಹಾಕಿದೆ. ಎರಡನೇ ತಿಂಗಳು ಶನಿವಾರಗಳಲ್ಲಿ ಕಾಲೇಜಿಗೆ. ಯಾವಾಗ ಇಷ್ಟವಾಯಿತು ಎಂದು ಹೇಳಲಾರೆ. ಒಂದು ಬೆಳಿಗ್ಗೆ ಬೀರು ತೆಗೆದಾಗ ಬೇರೆ ನಾಲ್ಕು ಪ್ಯಾಂಟು ದಾಟಿ ಕೈ ನೇರ ಇದರ ಮೇಲೆ ಹೋಯಿತು. ಬಾಯಿ ಇನ್ನೂ ‘ಮನೆಯಲ್ಲಿ ಹಾಕೋಕೆ ಪರವಾಗಿಲ್ಲ’ ಅನ್ನುತ್ತಿತ್ತು. ಅದಾಗಲೇ ಕಾಲು ಒಪ್ಪಿಕೊಂಡಿತ್ತು.

ಇನ್ನು ಜಿಪ್ಪಿನ ಕತೆ. ಮೂರನೇ ತಿಂಗಳು, ಒಂದು ಶುಕ್ರವಾರ, ಪ್ರಾಂಶುಪಾಲರ ಕೊಠಡಿಯಲ್ಲಿ ಸಭೆಗೆ ಐದು ನಿಮಿಷವಿದ್ದಾಗ ಶೌಚಾಲಯದಲ್ಲಿ ಜಿಪ್ಪಿನ ಗುಂಡಿ ಕೈಗೇ ಬಂತು. ಅಂಗಿ ಹೊರಗೆ ಎಳೆದು, ಹಾಜರಿ ಪುಸ್ತಕವನ್ನು ಎದುರಿಗೆ ಹಿಡಿದು ಮುಕ್ಕಾಲು ಗಂಟೆ ನಿಂತೇ ಇದ್ದೆ. ಕೂತುಕೊಳ್ಳಿ ಎಂದು ಪ್ರಾಂಶುಪಾಲರು ಎರಡು ಸಲ ಹೇಳಿದರು. ಬೆನ್ನು ನೋವು ಸರ್ ಅಂದೆ. ಮನಸ್ಸಿನಲ್ಲಿ ಓಡುತ್ತಿದ್ದದ್ದು ಒಂದೇ ಮಾತು: ಲೋಕಲ್ ಮಾಲು, ಬುದ್ಧಿ ತೋರಿಸಿತು.

ಸಭೆ ಮುಗಿಸಿ ಬೈಕಿನಲ್ಲಿ ಹೋಗುವಾಗ, ಗಡಿಗಿ ಚೆನ್ನಪ್ಪ ವೃತ್ತದ ಸಿಗ್ನಲ್ಲಿನಲ್ಲಿ ನಿಂತಾಗ ಹೊಳೆಯಿತು. ಬೆಂಗಳೂರಿನ ಪ್ಯಾಂಟು ಹರಿದಾಗ ತಪ್ಪು ನನ್ನ ತೊಡೆಯದು. ಊರಿನ ಪ್ಯಾಂಟಿನ ಜಿಪ್ಪು ಕಿತ್ತಾಗ ತಪ್ಪು ಊರಿಡೀ ಮಾಲಿನದು. ಕಟಕಟೆ ಒಂದೇ, ನ್ಯಾಯಾಧೀಶ ಒಬ್ಬನೇ, ತೀರ್ಪು ಎರಡು. ಜಿಪ್ಪು ಬಳ್ಳಾರಿಯಲ್ಲಿ ತಯಾರಾದ ವಸ್ತುವೂ ಅಲ್ಲ, ಎಲ್ಲಿಂದಲೋ ತರಿಸಿ ಹಚ್ಚಿದ್ದು. ಅದೂ ಆಗ ಲೆಕ್ಕಕ್ಕೆ ಬಂದಿರಲಿಲ್ಲ.

ಅಂಗಡಿಯಲ್ಲಿ ಜಗಳಕ್ಕೆ ಮಾತು ಜೋಡಿಸಿಕೊಂಡೇ ಹೋಗಿದ್ದೆ. ಯಜಮಾನರು ಜಿಪ್ಪು ನೋಡಿ ‘ಥೂ’ ಅಂದರು, ನನಗಲ್ಲ, ಜಿಪ್ಪಿಗೆ. ‘ಈ ಡಬ್ಬಿದು ಇನ್ನೂ ಇಬ್ಬರು ತಂದಿದ್ರು ಸರ್. ನಿಲ್ಲಿಸಿಬಿಟ್ಟೀನಿ.’ ಉಡಲು ಒಂದು ಲುಂಗಿ ಕೊಟ್ಟರು. ಹಳೇ ಹೊಲಿಗೆ ಬಿಚ್ಚಿ ಲೋಹದ ಜಿಪ್ಪು ಕೂರಿಸಿದ್ದು ಒಬ್ಬ ಹುಡುಗ, ಹದಿನೈದು ನಿಮಿಷ ಹಿಡಿಯಿತು. ಅಷ್ಟರಲ್ಲಿ ಒಂದು ಪ್ಲೇಟ್ ಒಗ್ಗಾಣಿ, ಎರಡು ಮಿರ್ಚಿ, ಚಹಾ ಬಂತು. ದುಡ್ಡು ಕೊಡಲು ಹೋದರೆ ಕೈ ಅಡ್ಡ ಹಿಡಿದರು. ಕೌಲ್ ಬಜಾರಿನಲ್ಲಿ ಲುಂಗಿ ಉಟ್ಟು ಮಿರ್ಚಿ ತಿನ್ನುತ್ತಾ ಕೂತಾಗ ಆ ಪ್ಯಾಂಟಿ‌ನ ಮೇಲೆ ಬಂದ ಪ್ರೀತಿ, ಜಿಪ್ಪು ಕೆಡದೇ ಇದ್ದಿದ್ದರೆ ಬರುತ್ತಿರಲಿಲ್ಲ. ಕೆಟ್ಟದ್ದನ್ನು ಚೆನ್ನಾಗಿ ಸರಿಮಾಡಿಕೊಟ್ಟರೆ ಗ್ರಾಹಕನ ವಿಶ್ವಾಸ ಮೊದಲಿಗಿಂತ ಮೇಲಕ್ಕೆ ಹೋಗಬಹುದು ಎಂಬುದಕ್ಕೆ ಪುಸ್ತಕದಲ್ಲಿ ಉದ್ದದ ಹೆಸರಿದೆ. ನನ್ನ ಅನುಮಾನ ಏನೆಂದರೆ, ಇದು ಒಂದು ಸಲಕ್ಕೆ ಮಾತ್ರ. ಜಿಪ್ಪು ಎರಡನೇ ಸಲ ಕಿತ್ತಿದ್ದರೆ ಮಿರ್ಚಿಯಿಂದ ಮುಚ್ಚಲು ಆಗುತ್ತಿರಲಿಲ್ಲ.

ಆ ಹುರುಪಿನಲ್ಲಿ ಅಂದೇ ಒಂದು ಕಪ್ಪು ಪ್ಯಾಂಟು ಕೊಂಡೆ, 600. ಒಳಮೈ ತಿರುಗಿಸಿ ನೋಡಲೂ ಇಲ್ಲ. ಮೊದಲು ಪರೀಕ್ಷೆ ಮಾಡದೇ ಬೈದಿದ್ದೆ, ಈಗ ಪರೀಕ್ಷೆ ಮಾಡದೇ ಹೊಗಳಿದೆ. ಅದು ಸರಿಯಿಲ್ಲ. ನಾಲ್ಕು ತಿಂಗಳಿಗೆ ಕಪ್ಪು ಹೋಗಿ ಬೂದಿಯಾಯಿತು, ನೀಲಿಯ ಹಾಗೆ ಅಂದವಾಗಿ ಅಲ್ಲ, ಪ್ಯಾಚು ಪ್ಯಾಚಾಗಿ. 34 ಅಂತ ಬರೆದದ್ದು ನೀಲಿಯ 34ಕ್ಕಿಂತ ಒಂದಿಂಚು ಬಿಗಿ. ಇದು ಇಲ್ಲಿನ ದೊಡ್ಡ ದೋಷ. ಒಂದೇ ಅಂಗಡಿಯ ಎರಡು 34 ಒಂದೇ ಅಲ್ಲ, ಥಾನು ಬದಲಾದರೆ ಅಳತೆಯೂ ಬದಲಾಗುತ್ತದೆ. ಯಜಮಾನರಿಗೆ ಹೇಳಿದೆ. ವಾಷಿಂಗಿನಲ್ಲಿ ಕುಗ್ಗಿದೆ ಅಂದರು, ಕಪ್ಪಿನ ವಿಷಯಕ್ಕೆ ತಲೆ ಕೆರೆದುಕೊಂಡರು, ಮುಂದಿನದಕ್ಕೆ ಐವತ್ತು ಕಡಿಮೆ ಮಾಡುತ್ತೇನೆ ಅಂದರು. ಬದಲಿಸಿ ಕೊಡಲಿಲ್ಲ. ಬಿಲ್ಲಿಲ್ಲದ ಕಡೆ ಇದೇ ಕಷ್ಟ, ಎಲ್ಲವೂ ಅವರ ಮುಖದಾಕ್ಷಿಣ್ಯದ ಮೇಲೆ. ಹೆಂಗಸರ ಅಳತೆಯವು ನಾನು ಹೋದಾಗೆಲ್ಲ ನಾಲ್ಕೈದಕ್ಕಿಂತ ಹೆಚ್ಚು ಕಂಡಿಲ್ಲ. ಮಕ್ಕಳವು ಬೇಕಾದಷ್ಟಿವೆ, ಚೆನ್ನಾಗಿಯೂ ಇವೆ.

ನನ್ನ ಲೆಕ್ಕ ಹೀಗೆ. ನೀಲಿಯದನ್ನು ಕಣ್ಣು ಮುಚ್ಚಿ ಅಲ್ಲ, ಒಳಮೈ ತಿರುಗಿಸಿ ನೋಡಿ ಕೊಳ್ಳಿ. ಕಾಲು ಕೂಡುವಲ್ಲಿ ಎರಡು ಸಾಲು ಹೊಲಿಗೆ ಇರಲಿ. ಲೋಹದ ಜಿಪ್ಪಿನದೇ ಕೇಳಿ. ಕಪ್ಪು ಬೇಡ. ಹಾಕಿ ನೋಡದೆ ಮನೆಗೆ ತರಬೇಡಿ, ಸೀರೆಯ ಪರದೆಗೆ ಸಂಕೋಚಪಟ್ಟರೆ ಸೊಂಟಕ್ಕೆ ಕಷ್ಟ.

ಹೋದ ತಿಂಗಳು ಭಾಮೈದನ ಮಗನ ನಾಮಕರಣಕ್ಕೆ ಬೆಂಗಳೂರಿಗೆ ನೀಲಿಯದನ್ನೇ ಹಾಕಿಕೊಂಡು ಹೋದೆ. ಫೇಡ್ ಚೆನ್ನಾಗಿ ಕೂತಿದೆ, ಎಲ್ಲಿದು ಭಾವ ಎಂದು ಅವನು ಕೇಳಿದ. ಹನ್ನೊಂದು ತಿಂಗಳು ಹಾಕಿದವನು, ತರಗತಿಯಲ್ಲಿ ಇದರ ಕತೆಯನ್ನೇ ಪಾಠ ಮಾಡಿದವನು ನಾನು. ಬಾಯಿಗೆ ಬಂದದ್ದು ‘ಇಲ್ಲೇ ಎಲ್ಲೋ, ಹೋದ ಸಲ ಬಂದಾಗ ತಗೊಂಡಿದ್ದು.’ ಪಕ್ಕದಲ್ಲಿದ್ದ ಹೆಂಡತಿ ತೊಟ್ಟಿಲ ಹಗ್ಗ ಬಿಟ್ಟು ನನ್ನ ಮುಖ ನೋಡಿದಳು. ‘ಕೌಲ್ ಬಜಾರಂತೆ. ಆರುನೂರ ಐವತ್ತು’ ಅಂದಳು.

ಭಾಮೈದ ಪ್ಯಾಂಟಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ. ತನಗೂ ಒಂದು ಬೇಕು, 36, ಆದರೆ ಹಿಂದಿನ ಗೂಳಿ ಪಟ್ಟಿ ಬೇಡ ಅಂದ. ಊರಿಗೆ ಬಂದ ಮೇಲೆ ಎರಡು ಸಲ ಹೋಗಿ ಬಂದೆ. ಒಮ್ಮೆ 36 ಮುಗಿದಿತ್ತು, ಇನ್ನೊಮ್ಮೆ ಕರೆಂಟ್ ಇರಲಿಲ್ಲ. ಮಂಗಳವಾರ ಬರ್ರಿ ಅಂದಿದ್ದಾರೆ.